ನಮ್ಮ ಮನೆಯ ಗಣಕ ಏಳುವ ಬಗೆ

(ಮಿಸ್ಸಿಸಾಗಾದಲ್ಲಿ ಕನ್ನಡ ಗೆಳೆಯರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಹೋದ ತಿಂಗಳು ಇದೇ ಜಾಗದಲ್ಲಿ ಮನೆಸಾಲದ ಬಡ್ಡಿಯ ಬಗ್ಗೆ ಮಾತಾಡಿದ ಗೆಳೆಯರಿಗೆ ಸಿಕ್ಕಷ್ಟು ಕಿವಿ ನನಗೆ ಸಿಗಲಿಕ್ಕಿಲ್ಲ. ನನ್ನ ವಿಷಯ ಸಣ್ಣದು. ಗುಂಡಿ ಒತ್ತಿದ ಮೇಲೆ ಒಂದು ಲಿನಕ್ಸ್ ಗಣಕ ಹೇಗೆ ಎದ್ದು ಕೂರುತ್ತದೆ, ಹಾಗೆ ಏಳಿಸುವ ವ್ಯವಸ್ಥೆಯನ್ನು ನಮ್ಮ ಬ್ರಾಂಪ್ಟನ್ ಮನೆಯಲ್ಲಿ ಈ ಚಳಿಗಾಲ ಯಾಕೆ ಬದಲಾಯಿಸಿದೆ, ಅದರಲ್ಲಿ ಕನ್ನಡಕ್ಕೆ ಏನು ಕೆಲಸ, ಇಷ್ಟೇ. ಇಲ್ಲಿರುವವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್‌ನವರೇ ಆದ್ದರಿಂದ ಸ್ವಲ್ಪ ತಾಂತ್ರಿಕವಾಗಿ ಮಾತಾಡಿದರೆ ಬೈಯಬೇಡಿ. ಉಳಿದ ಕಾಲು ಪಾಲಿನವರಿಗೆ ಆಚೆ ಮೇಜಿನ ಮೇಲೆ ಚುರುಮುರಿ ಇದೆ!

ಗಣಕ ಆನ್ ಮಾಡಿದಾಗ ಮೊದಲು ಏಳುವುದು ಕರ್ನಲ್. ಅದು ತನ್ನ ಮನೆಕೆಲಸ ಮುಗಿಸಿ ಒಂದೇ ಒಂದು ತಂತ್ರಾಂಶವನ್ನು ಎಬ್ಬಿಸುತ್ತದೆ. ಅದರ ಸಂಖ್ಯೆ ಯಾವಾಗಲೂ 1, ಹೆಸರು ಇನಿಟ್. ಆಮೇಲೆ ನೆಟ್‌ವರ್ಕ್, ಪ್ರಿಂಟರ್, ಲಾಗಿನ್ ತೆರೆ, ಕೀಲಿಮಣೆ, ನೀವು ತೆರೆಯುವ ಬ್ರೌಸರ್, ಎಲ್ಲವೂ ಈ ಒಂದನೇ ನಂಬರಿನ ಮಕ್ಕಳು, ಮೊಮ್ಮಕ್ಕಳು. ಒಟ್ಟು ಕುಟುಂಬದ ಅಜ್ಜಿ ಇದ್ದ ಹಾಗೆ. ಅಜ್ಜಿ ಎದ್ದು ಒಲೆ ಹಚ್ಚದೆ ಮನೆಯಲ್ಲಿ ಬೇರೆ ಯಾರಿಗೂ ಕಾಫಿ ಇಲ್ಲ.

ಈ ಪದ್ಧತಿ ಯುನಿಕ್ಸ್‌ನದು. ಒಂದು ಸಣ್ಣ ವಿಷಯ, ಟೊರಾಂಟೊದವರಾದ ನಮಗೆ ಹೆಮ್ಮೆಗೆ ಇರಲಿ: ಯುನಿಕ್ಸ್ ಎಂಬ ಹೆಸರನ್ನು ಸೂಚಿಸಿದವರು ಎನ್ನಲಾಗುವ ಬ್ರಯನ್ ಕರ್ನಿಹಾನ್ ಹುಟ್ಟಿದ್ದು ಇದೇ ಊರಿನಲ್ಲಿ, 1942ರಲ್ಲಿ. 1964ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಮುಗಿಸಿ ಹೊರಬಿದ್ದವರು. ಹಾಸನದಲ್ಲಿ ಅವರ ಸಿ ಪುಸ್ತಕದ ಜೆರಾಕ್ಸ್ ಪ್ರತಿ ಓದಿ ಪರೀಕ್ಷೆ ಬರೆದವನು ಅವರ ಊರಿಗೇ ಬಂದು ಸೇರಿದ್ದೇನೆ ನೋಡಿ!

ನಾನು ಎಂಜಿನಿಯರಿಂಗ್ ಸೇರಿದ್ದು 2007ರಲ್ಲಿ. ಆಗ ಲ್ಯಾಬಿನ ಲಿನಕ್ಸ್ ಯಂತ್ರಗಳಲ್ಲಿ ಇದ್ದದ್ದು ಹಳೆಯ ಪದ್ಧತಿ, ಸಿಸ್‌ವಿ ಇನಿಟ್. 1983ರ ಎಟಿ ಅಂಡ್ ಟಿ ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದ ಹೆಸರು. ಲಿನಕ್ಸ್‌ಗೆ ಅದನ್ನು ಬರೆದುಕೊಟ್ಟವರು ಮಿಕೆಲ್ ಫಾನ್ ಸ್ಮೂರೆನ್‌ಬರ್ಗ್. ಅದರ ಚೆಂದವೇ ಸರಳತೆ. ಒಂದು ಕೋಶದಲ್ಲಿ ಸಾಲಾಗಿ ಶೆಲ್ ಸ್ಕ್ರಿಪ್ಟ್‌ಗಳು, ಅವುಗಳ ಹೆಸರಿನ ಮುಂದೆ ಎಸ್ 10, ಎಸ್ 20 ಅಂತ ಅಂಕಿ. ಇನಿಟ್ ಮಹಾಶಯ ಒಂದೊಂದನ್ನೇ ಕ್ರಮವಾಗಿ ಕರೆಯುತ್ತಾ ಹೋಗುತ್ತಾನೆ, ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಯಾವ ಕಡತ ಬೇಕಾದರೂ ತೆರೆದು ಓದಬಹುದು. ಗಣಕದ ಒಳಗೆ ಏನಾಗುತ್ತದೆ ಎನ್ನುವುದನ್ನು ನಾನು ಕಲಿತದ್ದು ಪಠ್ಯಪುಸ್ತಕದಿಂದ ಅಲ್ಲ, ಆ ಸ್ಕ್ರಿಪ್ಟ್‌ಗಳನ್ನು ರಾತ್ರಿ ಕೂತು ಓದಿ. ಆ ಋಣ ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ಹಾಜರಿ ಕರೆಯುವ ಮೇಷ್ಟ್ರಿಗೆ ಒಂದು ಕೊರತೆ ಇತ್ತು. ಹೆಸರು ಕರೆದರು, ಹುಡುಗ ‘ಬಂದೆ ಸಾರ್’ ಅಂದ, ಮುಗಿಯಿತು. ಆಮೇಲೆ ಹುಡುಗ ಕಿಟಕಿ ಹಾರಿ ಹೋದರೆ ಅವರಿಗೆ ಗೊತ್ತಾಗುವುದಿಲ್ಲ. ಲಾಗಿನ್ ತೋರಿಸುವಂಥ ಒಂದೆರಡು ಕೆಲಸಗಳು ಬಿದ್ದರೆ ಮತ್ತೆ ಎಬ್ಬಿಸುವ ಏರ್ಪಾಡು ಇನಿಟ್‌ಟ್ಯಾಬ್ ಎಂಬ ಕಡತದಲ್ಲಿ ಇತ್ತು. ಸ್ಕ್ರಿಪ್ಟ್‌ನಿಂದ ಎದ್ದ ಸೇವೆಗಳಿಗೆ ಅದೂ ಇಲ್ಲ.

ಇದನ್ನು ಸರಿಪಡಿಸಲು ಬಹಳ ಜನ ಹೊರಟರು. ಆಪಲ್‌ನವರು 2005ರಲ್ಲಿ ಲಾಂಚ್‌ಡಿ ತಂದರು. ಉಬುಂಟು 2006ರಲ್ಲಿ ಅಪ್‌ಸ್ಟಾರ್ಟ್ ತಂದಿತು. 2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟರಿಂಗ್ ಸಿಸ್ಟಮ್‌ಡಿ ಪ್ರಕಟಿಸಿದರು. ಮರುವರ್ಷ ಫೆಡೋರಾ 15 ಅದನ್ನು ಒಪ್ಪಿಕೊಂಡಿತು. ಡೆಬಿಯನ್‌ನಲ್ಲಿ ಮಾತ್ರ ದೊಡ್ಡ ಜಗಳವೇ ಆಯಿತು. 2014ರ ಫೆಬ್ರವರಿಯಲ್ಲಿ ಅವರ ತಾಂತ್ರಿಕ ಸಮಿತಿಯ ಮತಗಳು ಸಮ ಸಮ ಬಂದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಸೋತವರಲ್ಲಿ ಕೆಲವರು ಸಿಡಿದು ದೇವುವಾನ್ ಅಂತ ಬೇರೆ ಮನೆ ಮಾಡಿದರು. ನಾಲ್ಕು ಕನ್ನಡಿಗರು ಸೇರಿದರೆ ಐದು ಸಂಘ ಅಂತ ನಮ್ಮನ್ನು ನಾವೇ ಹಂಗಿಸಿಕೊಳ್ಳುತ್ತೇವೆ. ಇದು ಎಲ್ಲ ಕಡೆ ಇರುವ ಖಾಯಿಲೆ ಸ್ವಾಮಿ!

2015ರ ಏಪ್ರಿಲ್‌ನಲ್ಲಿ ಡೆಬಿಯನ್ 8, ಉಬುಂಟು 15.04 ಎರಡೂ ಸಿಸ್ಟಮ್‌ಡಿ ಹಾಕಿಕೊಂಡೇ ಬಂದವು. ನಾನು ಮಾತ್ರ ನನ್ನ ಡೆಬಿಯನ್‌ನಲ್ಲಿ ಹಳೆಯ ಇನಿಟ್ ಅನ್ನೇ ಉಳಿಸಿಕೊಂಡೆ. ಹಾಗೆ ಮಾಡಲು ಡೆಬಿಯನ್ ಅವಕಾಶ ಇಟ್ಟಿತ್ತು. ಹತ್ತು ವರ್ಷ ಅದು ಚೆನ್ನಾಗಿಯೇ ನಡೆಯಿತು. ಹಾಗಾದರೆ ಈಗ ಯಾಕೆ ಬದಲಾಯಿಸಿದೆ?

ವೇಗಕ್ಕಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಎಸ್‌ಎಸ್‌ಡಿ ಹಾಕಿದ ಯಂತ್ರದಲ್ಲಿ ಎರಡಕ್ಕೂ ಇರುವ ವ್ಯತ್ಯಾಸದಲ್ಲಿ ಒಂದು ಲೋಟದ ಡಿಕಾಕ್ಷನ್ ಕೂಡ ಇಳಿಯುವುದಿಲ್ಲ.

ಬದಲಾಯಿಸಿದ್ದು ಅಮ್ಮನಿಗಾಗಿ. ಅಕ್ಟೋಬರ್‌ನಲ್ಲಿ ಸೂಪರ್ ವೀಸಾದ ಮೇಲೆ ಅಮ್ಮ ಬಂದರು. ನಿವೃತ್ತ ಹೈಸ್ಕೂಲು ಮೇಡಂ. ಸರ್ಕಾರಿ ಶಾಲೆಯಲ್ಲಿದ್ದಾಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದನ್ನು ಕಲಿತವರು. ಅಂದರೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅವರ ಬೆರಳಿಗೆ ಅದು ಬಿಟ್ಟರೆ ಬೇರೆ ಬರುವುದಿಲ್ಲ. ಫೋನಿನಲ್ಲಿ ಅಕ್ಷರ ತೀರಾ ಸಣ್ಣ ಅನ್ನುತ್ತಾರೆ. ಊರಿನ ಪತ್ರಿಕೆ ಓದುವುದು, ತಂಗಿಯರಿಗೆ ಮಿಂಚಂಚೆ ಬರೆಯುವುದು, ತಮ್ಮ ಬಾಲ್ಯದ ಬಗ್ಗೆ ಏನೋ ಒಂದು ದೊಡ್ಡ ಬರಹ ಬರೆದುಕೊಳ್ಳುವುದು, ಎಲ್ಲಕ್ಕೂ ಹಜಾರದ ಮೂಲೆಯಲ್ಲಿರುವ ಆ ಡೆಸ್ಕ್‌ಟಾಪೇ. ನಾವಿಬ್ಬರೂ ವಾರದಲ್ಲಿ ಮೂರು ದಿನ ಮೌಂಟ್ ಪ್ಲೆಸೆಂಟ್ ನಿಲ್ದಾಣದಲ್ಲಿ ಗೋ ರೈಲು ಹಿಡಿದು ಯೂನಿಯನ್‌ಗೆ ಹೋಗುವವರು. ಮೈನಸ್ ಹದಿನೈದು ಡಿಗ್ರಿಯಲ್ಲಿ ಅಮ್ಮ ಎಲ್ಲಿಗೆ ಹೋದಾರು? ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಗಣಕವೇ ಅವರಿಗೆ ಊರು.

ನವೆಂಬರ್ ಹೊತ್ತಿಗೆ ರೈಲಿನಲ್ಲಿ ಫೋನ್ ಬರಲು ಶುರುವಾಯಿತು. “ಮಗಾ, ಮತ್ತೆ ಇಂಗ್ಲಿಷೇ ಬರ್ತಾ ಇದೆ ಕಣೋ.” ಆಗಿದ್ದೇನೆಂದರೆ ಕನ್ನಡ ಅಕ್ಷರ ಮೂಡಿಸುವ ಹಿನ್ನೆಲೆ ತಂತ್ರಾಂಶ ಆಗಾಗ ಬಿದ್ದುಹೋಗುತ್ತಿತ್ತು. ಬಿದ್ದದ್ದನ್ನು ಎಬ್ಬಿಸುವವರು ಯಾರೂ ಇಲ್ಲ. ನಾನು ಸಂಜೆ ಮನೆಗೆ ಹೋಗಿ ಒಂದು ಆಜ್ಞೆ ಕೊಟ್ಟರೆ ಸರಿಹೋಗುತ್ತಿತ್ತು. ಅಲ್ಲಿಯವರೆಗೆ ಅಮ್ಮ ಮೂಗಿ. ಒಂದು ದಿನ ನೋಡಿದರೆ ಅವರು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟಿದ್ದರು, ನಾನು ಬಂದ ಮೇಲೆ ಟೈಪ್ ಮಾಡಿಕೊಡಲಿ ಅಂತ. ನನಗೆ ಅದು ಸರಿ ಅನ್ನಿಸಲಿಲ್ಲ. ಜೀವನವಿಡೀ ಕನ್ನಡ ಕಲಿಸಿದವರು ಮಗನ ಮನೆಯಲ್ಲಿ ಕನ್ನಡ ಬರೆಯಲು ಮಗನಿಗಾಗಿ ಕಾಯಬೇಕೆ?

ಸಿಸ್ಟಮ್‌ಡಿಯ ಮುಖ್ಯ ಗುಣ ಇಲ್ಲಿ ಕೆಲಸಕ್ಕೆ ಬಂತು. ಅದು ಹಾಜರಿ ಕರೆದು ಸುಮ್ಮನಾಗುವುದಿಲ್ಲ, ಯಾರು ಎದ್ದಿದ್ದಾರೆ ಯಾರು ಬಿದ್ದಿದ್ದಾರೆ ಅಂತ ನೋಡುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಲಾಗಿನ್ ಆದ ಪ್ರತಿಯೊಬ್ಬರಿಗೂ ತನ್ನದೇ ಒಂದು ಪುಟ್ಟ ಪ್ರತಿಯನ್ನು ನಡೆಸುತ್ತದೆ. ಅಮ್ಮನ ಖಾತೆಯಲ್ಲಿ ಕನ್ನಡ ಕೀಲಿಮಣೆಗಾಗಿ ಹತ್ತು ಸಾಲಿನ ಒಂದು ಯೂನಿಟ್ ಕಡತ ಬರೆದೆ. ಅದರಲ್ಲಿ ‘ರಿಸ್ಟಾರ್ಟ್’ ಎನ್ನುವ ಸಾಲಿಗೆ ‘ಆನ್-ಫೇಲ್ಯೂರ್’ ಅಂತ ಕೊಟ್ಟರೆ ಸಾಕು, ಬಿದ್ದರೆ ತಾನೇ ಎಬ್ಬಿಸುತ್ತದೆ. ಹತ್ತು ಸೆಕೆಂಡಿನೊಳಗೆ ಐದು ಸಲ ಎಬ್ಬಿಸಿಯೂ ಏಳದಿದ್ದರೆ ಕೈಬಿಡುವುದು ಅದರ ಮೂಲ ನಿಯಮ. ಆದ್ದರಿಂದ ಪ್ರತಿ ಸಲ ಮೂರು ಸೆಕೆಂಡು ಬಿಟ್ಟು ಎಬ್ಬಿಸು ಅಂತಲೂ ಸೇರಿಸಿದೆ. ಇದೇ ಕೆಲಸವನ್ನು ಹಳೆಯ ಪದ್ಧತಿಯಲ್ಲೂ ಮಾಡಬಹುದು, ಕಾವಲಿಗೆ ಬೇರೆ ತಂತ್ರಾಂಶಗಳಿವೆ. ಆದರೆ ಆ ಕಾವಲುಗಾರನಿಗೆ ಕಾವಲು ಯಾರು ಎಂಬ ಪ್ರಶ್ನೆ ಬರುತ್ತದೆ. ಒಂದನೇ ನಂಬರೇ ಮೇಲಿನ ಕಾವಲು ನಿಂತರೆ ಆ ಸರಪಳಿ ಅಲ್ಲಿಗೆ ಮುಗಿಯುತ್ತದೆ.

ಈಗಲೂ ಅದು ಬೀಳುತ್ತದೆ, ಲಾಗ್ ನೋಡಿದರೆ ಗೊತ್ತಾಗುತ್ತದೆ. ಅಮ್ಮನಿಗೆ ಗೊತ್ತಾಗುವುದಿಲ್ಲ.

ಎರಡನೆಯದು ಭಾಷೆಯ ವಿಷಯ. ನಿಮ್ಮಲ್ಲಿ ಶೆಲ್ ಸ್ಕ್ರಿಪ್ಟ್ ಬರೆದವರು ‘ಎಲ್‌ಸಿ ಆಲ್ ಇಸ್‌ ಈಕ್ವಲ್ ಟು ಸಿ’ ಎಂಬ ಸಾಲನ್ನು ಎಷ್ಟು ಕಡೆ ನೋಡಿಲ್ಲ ಹೇಳಿ! ಅದರ ಅರ್ಥ ಏನು? ‘ಬಳಸುವವನ ಭಾಷೆ ನನಗೆ ಬೇಡ, ಮೂಲ ಇಂಗ್ಲಿಷಿನಲ್ಲೇ ಉತ್ತರ ಕೊಡು’ ಅಂತ. ಸ್ಕ್ರಿಪ್ಟ್‌ಗಳು ಒಂದರ ಉತ್ತರವನ್ನು ಇನ್ನೊಂದು ಓದಿ ಕೆಲಸ ಮಾಡುವುದರಿಂದ ಹಾಗೆ ಬರೆಯಲೇಬೇಕಾಗುತ್ತದೆ. ಉದಾಹರಣೆಗೆ, ಗಣಕದ ಲೊಕೇಲ್ ಕನ್ನಡವಾಗಿದ್ದರೆ ದಿನಾಂಕ ಕೇಳುವ ಆಜ್ಞೆ ತಿಂಗಳ ಹೆಸರನ್ನು ‘ಜನವರಿ’ ಅಂತ ಕನ್ನಡದಲ್ಲೇ ಕೊಡುತ್ತದೆ. ಓದಲು ಬಹಳ ಸಂತೋಷ. ಆದರೆ ತಿಂಗಳ ಹೆಸರಿನಲ್ಲಿ ಕೋಶ ಮಾಡುವ ಒಂದು ಬ್ಯಾಕಪ್ ಸ್ಕ್ರಿಪ್ಟ್ ಇದೆ ಅನ್ನಿ. ಗಣಕ ಏಳುವಾಗ ಭಾಷೆಯೇ ಗೊತ್ತಿಲ್ಲದ ಇನಿಟ್ ಅದನ್ನು ಓಡಿಸಿದರೆ ಇಂಗ್ಲಿಷ್ ಕೋಶ. ನೀವು ಕನ್ನಡ ಟರ್ಮಿನಲ್‌ನಿಂದ ಅದೇ ಸ್ಕ್ರಿಪ್ಟ್ ಅನ್ನು ನೇರವಾಗಿ ಓಡಿಸಿದರೆ ಕನ್ನಡ ಕೋಶ. ಹಳೆಯ ಪದ್ಧತಿಯಲ್ಲಿ ಯಾರು ಎಬ್ಬಿಸಿದರೋ ಅವರ ಪರಿಸರ ಅಂಟಿಕೊಳ್ಳುತ್ತದೆ. ಸಿಸ್ಟಮ್‌ಡಿಯಲ್ಲಿ ಒಂದನೇ ನಂಬರು ಏಳುತ್ತಿದ್ದ ಹಾಗೆ ಲೊಕೇಲ್ ಕಡತ ಓದಿಕೊಂಡು ಎಲ್ಲ ಸೇವೆಗಳಿಗೂ ಒಂದೇ ಭಾಷೆ ಹಂಚುತ್ತದೆ. ನೀವು ಕೈಯಲ್ಲಿ ಮತ್ತೆ ಎಬ್ಬಿಸಿದರೂ ನಿಮ್ಮ ಟರ್ಮಿನಲ್‌ನ ಗಾಳಿ ಅದಕ್ಕೆ ತಾಗುವುದಿಲ್ಲ. ‘ಈ ಗಣಕದ ಭಾಷೆ ಕನ್ನಡ’ ಎಂದು ಒಂದು ಕಡೆ ಒಂದು ಸಾಲು. ಬಹಳ ವರ್ಷದಿಂದ ನನಗೆ ಬೇಕಾಗಿದ್ದ ಸಾಲು ಅದು.

ಲಾಗಿನ್ ತೆರೆ ಈಗ ಕನ್ನಡದಲ್ಲಿ ಬರುತ್ತದೆ. ಅದಕ್ಕೂ ಮುಂಚಿನ ಕಪ್ಪು ತೆರೆ ಮಾತ್ರ ಬರುವುದಿಲ್ಲ, ಅದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ. ಲಿನಕ್ಸ್‌ನ ಬರೀ ಅಕ್ಷರದ ಕನ್ಸೋಲ್‌ಗೆ ಒಂದು ಸಲಕ್ಕೆ ಹೆಚ್ಚೆಂದರೆ 512 ಆಕೃತಿಗಳು. ಒತ್ತು, ಗುಣಿತ ಜೋಡಿಸುವ ವಿದ್ಯೆಯೂ ಅದಕ್ಕೆ ಬರುವುದಿಲ್ಲ. ಡೆಬಿಯನ್‌ನ ಚಿತ್ರರೂಪದ ಇನ್‌ಸ್ಟಾಲರ್‌ನಲ್ಲಿ ಕನ್ನಡ ಇದ್ದೂ, ಬರೀ ಅಕ್ಷರದ ಇನ್‌ಸ್ಟಾಲರ್‌ನಲ್ಲಿ ಇಲ್ಲದಿರುವುದು ಇದೇ ಕಾರಣಕ್ಕೆ. ಅದಕ್ಕೆ ನಾನು ಏಳುವ ಹೊತ್ತಿನ ತೆರೆಗೆ ‘ಸ್ವಲ್ಪ ತಡೀರಿ, ಗಣಕ ಏಳ್ತಾ ಇದೆ’ ಅಂತ ಬರೆದ ಒಂದು ಚಿತ್ರ ಹಾಕಿದೆ. ಅಕ್ಷರವನ್ನೇ ಚಿತ್ರ ಮಾಡಿ ಅಂಟಿಸುವ ಉಪಾಯ. ಫಾಂಟ್ ತೊಂದರೆಯ ಕಾಲದಲ್ಲಿ ಕನ್ನಡ ತಾಣಗಳು ಹೀಗೇ ಬದುಕಿದ್ದು, ಇಲ್ಲಿರುವ ಹಿರಿಯರಿಗೆ ನೆನಪಿರಬಹುದು.

ಇನ್ನೊಂದು, ನಮ್ಮಂಥ ಅನಿವಾಸಿಗಳಿಗೇ ಮಾಡಿದ ಹಾಗಿದೆ! ಹಾಸನದ ಅಣ್ಣನ ಮನೆಯ ಗಣಕಕ್ಕೆ ನಮ್ಮ ಫೋಟೋಗಳ, ಅಮ್ಮನ ಬರಹದ ಪ್ರತಿ ಪ್ರತಿದಿನ ಹೋಗಬೇಕು, ಅಲ್ಲಿನ ಬೆಳಗಿನ ಜಾವ ಮೂರು ಗಂಟೆಗೆ, ಅವರ ಇಂಟರ್‌ನೆಟ್ ಖಾಲಿ ಇರುವಾಗ. ಇಲ್ಲಿ ಅದು ಬೇಸಿಗೆಯಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಯಾಕೆಂದರೆ ಮಾರ್ಚ್‌ನ ಎರಡನೇ ಭಾನುವಾರ ಇವರು ಗಡಿಯಾರ ಮುಂದೆ ತಳ್ಳುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಎಳೆಯುತ್ತಾರೆ. ನನ್ನಲ್ಲಿದ್ದ ಕ್ರಾನ್ ಟೊರಾಂಟೊ ಗಡಿಯಾರವನ್ನಷ್ಟೇ ನೋಡುತ್ತಿತ್ತು, ವರ್ಷಕ್ಕೆ ಎರಡು ಸಲ ನಾನೇ ಸಮಯ ತಿದ್ದಬೇಕಿತ್ತು. ಸಿಸ್ಟಮ್‌ಡಿಯ ಟೈಮರ್‌ನಲ್ಲಿ ಮೂರು ಗಂಟೆ ಅಂತ ಬರೆದು ಪಕ್ಕದಲ್ಲಿ ‘ಏಷ್ಯಾ/ಕೊಲ್ಕತಾ’ ಅಂದರೆ ಮುಗಿಯಿತು, ಲೆಕ್ಕ ಅದರದು. ಆ ಹೊತ್ತಿಗೆ ಗಣಕ ಆಫ್ ಆಗಿದ್ದರೆ ಎದ್ದ ಮೇಲೆ ಮರೆಯದೆ ಮಾಡು ಅನ್ನುವುದಕ್ಕೂ ಒಂದು ಸಾಲು ಇದೆ.

ಆಫ್ ಆಗುವ ಮಾತು ಸುಮ್ಮನೆ ತೆಗೆಯಲಿಲ್ಲ. 2013ರ ಡಿಸೆಂಬರ್‌ನ ಮಂಜುಗಡ್ಡೆ ಬಿರುಗಾಳಿಯಲ್ಲಿ ಟೊರಾಂಟೊ ನಗರವೊಂದರಲ್ಲೇ ಸುಮಾರು 3 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಗಿತ್ತು. 2022ರ ಮೇ 21ರ ಬಿರುಗಾಳಿ ನಿಮಗೆಲ್ಲ ನೆನಪಿದೆ. ಕರೆಂಟ್ ಬಂದಾಗ ಗಣಕ ತಾನಾಗಿ ಎದ್ದು ಕೂರಬೇಕು, ಅಮ್ಮನ ಮುಂದೆ ಕಪ್ಪು ತೆರೆಯಲ್ಲಿ ಇಂಗ್ಲಿಷ್ ಪ್ರಶ್ನೆ ಕೇಳುತ್ತಾ ನಿಲ್ಲಬಾರದು. ಇಲ್ಲಿ ಒಂದು ಎಚ್ಚರಿಕೆ, ನೀವು ಬದಲಾಯಿಸುವವರಾದರೆ ದಯವಿಟ್ಟು ಬರೆದುಕೊಳ್ಳಿ. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೆಸರಿದ್ದೂ ಸಿಕ್ಕಿಸಿಲ್ಲದ ಡಿಸ್ಕ್ ಇದ್ದರೆ ಸಿಸ್ಟಮ್‌ಡಿ ಅದಕ್ಕಾಗಿ ಒಂದೂವರೆ ನಿಮಿಷ ಕಾಯುತ್ತದೆ, ಆಮೇಲೆ ತುರ್ತು ಸ್ಥಿತಿಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನಿಂತುಬಿಡುತ್ತದೆ. ಹೊರಗಿನ ಡಿಸ್ಕ್‌ನ ಸಾಲಿಗೆ ‘ನೋಫೇಲ್’ ಎಂಬ ಪದ ಮೊದಲೇ ಸೇರಿಸಿ. ನಾನು ಬದಲಾವಣೆಗೆ ಮುಂಚೆಯೇ ಸೇರಿಸಿದ್ದೆ. ಹಾಗೆಯೇ ಹಳೆಯದನ್ನು ತಕ್ಷಣ ಕಿತ್ತು ಹಾಕಲೂ ಇಲ್ಲ. ಸಿಸ್ಟಮ್‌ಡಿ ಪ್ಯಾಕೇಜನ್ನು ಪಕ್ಕದಲ್ಲಿಟ್ಟು, ಗ್ರಬ್ ತೆರೆಯಲ್ಲಿ ಕರ್ನಲ್ ಸಾಲಿಗೆ ‘ಇನಿಟ್ ಇದು’ ಅಂತ ಸೇರಿಸಿ, ಒಂದು ವಾರ ಹಾಗೇ ಓಡಿಸಿ ನೋಡಿದೆ. ಎಲ್ಲ ಸರಿ ಅನ್ನಿಸಿದ ಮೇಲೆ ಹಳೆಯದರ ಜಾಗಕ್ಕೆ ಅದನ್ನು ಕೂರಿಸಿದೆ.

ಇಷ್ಟು ಹೊಗಳಿದ ಮೇಲೆ ಬೈಯುವುದನ್ನೂ ಬೈದುಬಿಡುತ್ತೇನೆ. ಸಿಸ್ಟಮ್‌ಡಿಗೆ ಎಲ್ಲದಕ್ಕೂ ಕೈ ಹಾಕುವ ಚಾಳಿ. ಲಾಗ್ ಅದರದು, ಗಡಿಯಾರ ಅದರದು, ನೆಟ್‌ವರ್ಕ್ ಅದರದು. ಲಾಗ್ ಕಡತ ಈಗ ಬರೀ ಪಠ್ಯವಲ್ಲ, ಅದರದೇ ಆಜ್ಞೆ ಇಲ್ಲದೆ ತೆರೆದು ಓದಲು ಆಗುವುದಿಲ್ಲ. ನಾನು ಕಲಿತ ಹಾಗೆ ಒಬ್ಬ ಹುಡುಗ ಇವತ್ತು ರಾತ್ರಿ ಕೂತು ಇದರ ಒಳಗನ್ನು ಓದಿ ಕಲಿಯಲಾರ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದು ಎಸ್‌ಎಸ್‌ಎಚ್ ಸರ್ವರ್‌ವರೆಗೆ ನುಸುಳುವ ದಾರಿ ಇದ್ದದ್ದು ಸಿಸ್ಟಮ್‌ಡಿಯ ಒಂದು ಲೈಬ್ರರಿಯ ಮೂಲಕ. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಯಾಕೋ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ತಲೆ ಕೆರೆದುಕೊಂಡು ಕೂತದ್ದಕ್ಕೆ ಪ್ರಪಂಚ ಉಳಿಯಿತು!

ಆ ಕಳ್ಳಬಾಗಿಲು ಹೊಕ್ಕದ್ದು ಹೇಗೆ? ಆ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ ಸ್ವಂತ ಸಮಯದಲ್ಲಿ ನೋಡಿಕೊಳ್ಳುತ್ತಾ ದಣಿದಿದ್ದರು. ಸಹಾಯ ಮಾಡುತ್ತೇನೆ ಅಂತ ಬಂದವನು ವಂಚಕ. ಹಳೆಯ ಇನಿಟ್‌ನ ಕಥೆಯಲ್ಲೂ ಕೊನೆಗೆ ಜನರದೇ ಪ್ರಶ್ನೆ. ಡೆಬಿಯನ್‌ನಲ್ಲಿ ಒಂದೊಂದೇ ತಂತ್ರಾಂಶದವರು ತಮ್ಮ ಹಳೆಯ ಸ್ಕ್ರಿಪ್ಟ್ ಕೈಬಿಡುತ್ತಾ ಬಂದಾಗ, ಹಾಗೆ ಬಿಟ್ಟವುಗಳನ್ನೆಲ್ಲ ಯಾರೋ ಪುಣ್ಯಾತ್ಮರು ಒಂದೆಡೆ ಕೂಡಿಟ್ಟರು. ಆ ಪ್ಯಾಕೇಜಿನ ಹೆಸರಿನಲ್ಲೇ ‘ಅನಾಥ’ ಎಂಬರ್ಥದ ಪದ ಇದೆ. 2023ರಲ್ಲಿ ಸಿಸ್ಟಮ್‌ಡಿಯ 254ನೇ ಆವೃತ್ತಿ, ಹಳೆಯ ಸ್ಕ್ರಿಪ್ಟ್‌ಗಳಿಗೆ ತಾನು ಕೊಡುತ್ತಿದ್ದ ಬೆಂಬಲವನ್ನು ಮುಂದೆ ನಿಲ್ಲಿಸುವುದಾಗಿ ಸಾರಿತು. 2025ರ ಸೆಪ್ಟೆಂಬರ್‌ನ ಗ್ನೋಮ್ 49 ಸಿಸ್ಟಮ್‌ಡಿಯನ್ನು ಇನ್ನೂ ಗಟ್ಟಿಯಾಗಿ ಆತುಕೊಂಡಿತು. ಅಮ್ಮನ ತೆರೆಯ ಕನ್ನಡ ಅನುವಾದ, ಗುಬ್ಬಿ ನವಿಲು ಫಾಂಟ್‌ಗಳು, ಕೆ.ಪಿ. ರಾವ್ ವಿನ್ಯಾಸದ ಲಿನಕ್ಸ್ ರೂಪ, ಇವೆಲ್ಲವೂ ಇದೇ ರೀತಿ ಬೆರಳೆಣಿಕೆಯ ಜನ ಬಿಡುವಿನಲ್ಲಿ ಮಾಡಿಟ್ಟವು. ಅವು ನಿಂತಿರುವ ನೆಲ ಹತ್ತಾರು ಜನ ದಿನವೂ ನೋಡಿಕೊಳ್ಳುವ ನೆಲವಾಗಿರಲಿ ಅಂತ ನಾನು ಆ ಕಡೆ ಹೋದೆ. ನುಡಿ, ಬರಹಗಳ ಹಳೆಯ ಎನ್‌ಕೋಡಿಂಗ್ ಬಿಟ್ಟು ನಾವೆಲ್ಲ ಯೂನಿಕೋಡ್‌ಗೆ ಹೋದೆವಲ್ಲ, ಅದು ನಮಗೆ ಬಹಳ ಇಷ್ಟವಾಗಿತ್ತು ಅಂತಲೆ? ಎಲ್ಲ ತಂತ್ರಾಂಶಗಳೂ ಆ ಕಡೆ ನಡೆದಿದ್ದವು, ನಮ್ಮ ಕಡತಗಳನ್ನು ಬೇರೆಯವರು ಓದಬೇಕಿತ್ತು, ಅದಕ್ಕೆ.

ಅಮ್ಮನ ತೆರೆಯಲ್ಲಿ ಈಗಲೂ ಕನ್ನಡದ ನಡುವೆ ಇಂಗ್ಲಿಷ್ ಸಾಲುಗಳು ಇಣುಕುತ್ತವೆ, ಅನುವಾದ ಆಗದ ಕಡೆಯೆಲ್ಲ. ಮೇಡಂ ಅಲ್ಲವೆ, ಸುಮ್ಮನಿರುತ್ತಾರೆಯೆ? ಎದುರಿಗೆ ಬಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕನ್ನಡ ಹಾಕಿದ್ದಾರೆ. ಆಗಿರುವ ಅನುವಾದದಲ್ಲೂ ಕೆಲವನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ, ಒಂದಕ್ಕೆ ಪ್ರಶ್ನೆ ಚಿಹ್ನೆ ಬೇರೆ! ಆ ಪಟ್ಟಿ ಈಗ ಮೂವತ್ತು ಪುಟ ದಾಟಿದೆ. ಅದನ್ನು ಅನುವಾದದ ಕಡತಗಳಿಗೆ ಸೇರಿಸಿ ಕಳುಹಿಸಲು ನನ್ನ ಜೊತೆ ಇಬ್ಬರು ಬೇಕು. ವಾರಕ್ಕೆ ಎರಡು ಗಂಟೆ, ಶನಿವಾರ ಬೆಳಿಗ್ಗೆ, ನಮ್ಮ ಮನೆಯಲ್ಲಿ. ತಿಂಡಿಯ ಹೊಣೆ ಅಮ್ಮನದು. ಮನೆಯ ಗಣಕದ ಇನಿಟ್ ಬದಲಾಯಿಸಬೇಕು ಅನ್ನುವವರು ಯಂತ್ರವನ್ನೂ ತನ್ನಿ, ಆದರೆ ಮೊದಲು ಬ್ಯಾಕಪ್ ತೆಗೆದುಕೊಂಡು ಬನ್ನಿ. ಈಗ ಏನಾದರೂ ಪ್ರಶ್ನೆಗಳಿದ್ದರೆ ಕೇಳಿ, ಚುರುಮುರಿ ಇನ್ನೂ ಉಳಿದಿದೆ ಅನ್ನಿಸುತ್ತದೆ.